ಕಾಂಚನಳ ಖಾರದ ಭಿಶಿ

ನಮ್ಮ ಗಲ್ಲಿಯಲ್ಲಿ ಜಗಳಗಂಟಿ ಯಾರು ಅಂತ ಕೇಳಿದರೆ ಗಡಹಿಂಗ್ಲಜದ ಯಾವ ರಿಕ್ಷಾದವನಾದರೂ ನನ್ನ ಮನೆ ತೋರಿಸುತ್ತಾನೆ. ಬಾಳವ್ವ ಅಂದರೆ ನಾನೇ. ಅದಕ್ಕೆ ನನಗೇನೂ ಬೇಜಾರಿಲ್ಲ. ಎದುರು ಮನೆಯ ಕಾಂಚನ ತನ್ನ ವ್ಯಾಪಾರ ಉಳಿಸಿಕೊಂಡದ್ದೇ ನನ್ನ ಈ ಬಾಯಿಯನ್ನು ನಂಬಿ! ಅದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ.

ಕಾಂಚನ, ಅವಳ ಗಂಡ ಅಮೋಲ ಇಬ್ಬರೂ ಸೇರಿ ಮನೆ ಮುಂದಿನ ಶೆಡ್ಡಿನಲ್ಲಿ ಖಾರ ಕುಟ್ಟುವ ಯಂತ್ರ, ಅಂದರೆ ಡಂಕ, ನಡೆಸುತ್ತಾರೆ. ನಮ್ಮ ಕಡೆ ಬೇಸಿಗೆಯಲ್ಲಿ ಮನೆಮನೆಯಲ್ಲೂ ವರ್ಷಕ್ಕಾಗುವಷ್ಟು ಮಸಾಲಿ ಖಾರ ಮಾಡಿಡಲೇಬೇಕು. ಮಾರ್ಚಿನಿಂದ ಮಳೆ ಬೀಳುವತನಕ ಡಂಕದ ಮುಂದೆ ಹೆಂಗಸರ ಪಾಳಿ, ಇಡೀ ಗಲ್ಲಿಗೆ ಸೀನು. ಕೆಲವರು ತಾವೇ ಮೆಣಸಿನಕಾಯಿ ತಂದು ಕುಟ್ಟಿಸುತ್ತಾರೆ. ಪುರುಸೊತ್ತಿಲ್ಲದವರು ಕಾಂಚನ ಮಾಡಿದ ಖಾರವನ್ನೇ ಕೊಳ್ಳುತ್ತಾರೆ. ನಾಲ್ಕು ಕಾಸು ಗಿಟ್ಟುವುದು ಅದರಲ್ಲೇ.

ಆದರೆ ದುಡ್ಡು ಬರುವುದು ಮೂರು ತಿಂಗಳು, ಹೊಟ್ಟೆ ಕೇಳುವುದು ಹನ್ನೆರಡು ತಿಂಗಳು. ಮೇ ತಿಂಗಳಲ್ಲಿ ಗಲ್ಲಾಪೆಟ್ಟಿಗೆ ತುಂಬಿದಾಗ ಕಾಂಚನಳ ಗತ್ತು ನೋಡಬೇಕಿತ್ತು! ಕೇಳಿದವರಿಗೆಲ್ಲ ಕೈಗಡ, ನಾದಿನಿಯರಿಗೆಲ್ಲ ಸೀರೆ. ಶ್ರಾವಣ ಬಂತೆಂದರೆ ಅದೇ ಕಾಂಚನ ಬಟ್ಟಲು ಹಿಡಿದು ಸಕ್ಕರೆಗೆ ನನ್ನ ಮನೆಗೆ ಬರುತ್ತಿದ್ದಳು. ಫೆಬ್ರುವರಿಯಲ್ಲಿ ಹೊಸ ಮೆಣಸಿನಕಾಯಿ ಮಾರ್ಕೆಟ್ ಯಾರ್ಡಿಗೆ ಬರುವ ಹೊತ್ತಿಗೆ ಕೈ ಪೂರಾ ಖಾಲಿ. ವ್ಯಾಪಾರಿ ಮಹಾವೀರನಲ್ಲಿ ಉದ್ರಿ ತರುವುದು, ಬೇಸಿಗೆಯ ಗಳಿಕೆಯಲ್ಲಿ ಅವನ ಬಾಕಿ ತೀರಿಸುವುದು, ಮತ್ತೆ ಶ್ರಾವಣ, ಮತ್ತೆ ಬಟ್ಟಲು.

ಹೋದ ವರ್ಷ ಅಮೋಲನಿಗೆ ಸಾಕುಸಾಕಾಯಿತು. ಶಿರೋಳಿಯ ಫೌಂಡ್ರಿಯಲ್ಲಿ ಕೆಲಸವಿದೆ ಬಾ ಅಂತ ಗೆಳೆಯನೊಬ್ಬ ಕರೆಯುತ್ತಿದ್ದ.

"ಈ ಫೆಬ್ರುವರಿಗೂ ಉದ್ರಿ ತಂದಿ ಅಂದ್ರ ಡಂಕ ಮಾರಿ ಶಿರೋಳಿಗೆ ಹೋಗ್ತೀನಿ ನೋಡ," ಅಂತ ಹೆಂಡತಿಗೆ ಹೇಳಿಬಿಟ್ಟ.

"ತರಲಿಲ್ಲಂದ್ರ?" ಅಂದಳು ಕಾಂಚನ.

"ತರಲಿಲ್ಲಂದ್ರ ಇಲ್ಲೇ ಇರ್ತೀನಿ. ಆದ್ರ ಅದ ಆಗೂ ಮಾತಲ್ಲ."

ನನಗೆ ಎಲ್ಲ ಕೇಳಿಸಿತು. ಕೇಳಿಸಿಕೊಳ್ಳಲೆಂದೇ ಬಾಗಿಲಲ್ಲಿ ನಿಂತಿದ್ದೆ, ಸುಳ್ಳು ಯಾಕೆ. ಆ ಡಂಕ ಕಾಂಚನ ತನ್ನ ತವರಿನ ಬಂಗಾರ ಮಾರಿ ಕೊಂಡದ್ದು. ಅವಳ ಮುಖ ನೋಡಿ ನನಗೇ ಅಳು ಬಂತು.

ನಮ್ಮ ಗಲ್ಲಿಯ ಹೆಂಗಸರು ಭಿಶಿ ಹಾಕುತ್ತೇವೆ. ತಿಂಗಳಿಗೊಮ್ಮೆ ಎಲ್ಲರೂ ದುಡ್ಡು ಕೂಡಿಸಿ, ಚೀಟಿ ಎತ್ತಿ, ಹೆಸರು ಬಂದವಳಿಗೆ ಅಷ್ಟನ್ನೂ ಕೊಡುವುದು. ದಸರೆಯ ಭಿಶಿ ನನ್ನ ಮನೆಯಲ್ಲಿತ್ತು. ಚೀಟಿ ಎತ್ತುವ ಹೊತ್ತಿಗೆ ಕಾಂಚನ ಚಹಾದ ಕಪ್ಪು ಕೆಳಗಿಟ್ಟು ದಿಢೀರನೆ ಎದ್ದಳು.

"ಇಲ್ಲೆ ಕೇಳ್ರಿ! ನಾ ಖಾರದ ಭಿಶಿ ಹಾಕ್ತೀನಿ. ಈಗಿಂದ ನಾಕ ತಿಂಗಳ, ತಿಂಗಳಾ ಐನೂರ ಕೊಡ್ರಿ. ಬ್ಯಾಸಿಗ್ಯಾಗ ನಿಮ್ಮ ವರ್ಷದ ಖಾರ ಮನೀಗೆ ತಂದ ಕೊಡ್ತೀನಿ. ಪಾಳಿ ಹಚ್ಚೂದ ಇಲ್ಲ, ದರ ಏರಿಸೂದ ಇಲ್ಲ!"

"ಚೀಟಿ ಯಾವಾಗ ಎತ್ತೂದ?" ಅಂತ ಮುದುಕಿ ಗೌರವ್ವ ಕೇಳಿದಳು.

"ಚೀಟಿನ ಇಲ್ಲ ಬಿಡ ಆಯಿ. ಎಲ್ಲಾರಿಗೂ ನಂಬರ್ ಹತ್ತತೈತಿ!"

ಎಂಥ ನಗು ಅಂತೀರಿ! ಮೇ ತಿಂಗಳ ಬಿಸಿಲಲ್ಲಿ ಪಾಳಿ ನಿಂತವರಿಗೇ ಗೊತ್ತು ಪಾಳಿ ಇಲ್ಲದ ಖಾರದ ಬೆಲೆ. ವಾರದೊಳಗೆ ನಲವತ್ತು ಮನೆ ಸೇರಿದವು. ಕಾಂಚನ ಆ ದುಡ್ಡನ್ನೆಲ್ಲ ಸ್ಟೀಲ್ ಡಬ್ಬಿಗೆ ಹಾಕಿ, ಕೀಲಿ ಜಡಿದು, ಡಬ್ಬಿ ತಂದು ನನ್ನ ಕೈಗಿಟ್ಟಳು. ಕೀಲಿಕೈ ತಾನಿಟ್ಟುಕೊಂಡಳು.

"ಬಾಳಕ್ಕಾ, ಇದ ಮೆಣಸಿನಕಾಯಿ ರೊಕ್ಕ. ಬ್ಯಾರೆ ಯಾತಕ್ಕ ಕೇಳಿದ್ರೂ ಕೊಡಬ್ಯಾಡ್ರಿ. ಗಲ್ಲ್ಯಾಗ ನನಗ ಬೈಯಾಕ ಅಂಜಲಾರದವರಂದ್ರ ನೀವೊಬ್ಬರ."

ಜನ್ಮದಲ್ಲಿ ನನ್ನ ಬಾಯಿಗೆ ಸಿಕ್ಕ ಮೊದಲ ಮರ್ಯಾದೆ ಅದು! ಡಬ್ಬಿಯನ್ನು ಅಕ್ಕಿಯೊಳಗೆ ಹುಗಿದಿಟ್ಟೆ. ಮುಂದಿನ ತಿಂಗಳುಗಳ ದುಡ್ಡೂ ಅದಕ್ಕೇ ಸೇರಿತು.

ಸಂಕ್ರಾಂತಿ ಮುಗಿಯಿತು. ಯಾರದೋ ಅರಿಶಿನ ಕುಟ್ಟುವಾಗ ಡಂಕದ ಮೋಟರ್ ಸುಟ್ಟಿತು. ಇಚಲಕರಂಜಿಯ ವೈಂಡಿಂಗ್ ಅಂಗಡಿಯವನು ಏಳು ಸಾವಿರ ಕೇಳಿದ, ಅದೂ ರೋಖ, ಉದ್ರಿಯ ಮಾತೇ ಇಲ್ಲ. ಕಾಂಚನ ಓಡಿ ಬಂದಳು.

"ಡಬ್ಬಿ ಕೊಡ್ರಿ ಬಾಳಕ್ಕಾ. ಏಳ ಸಾವಿರ ತಗೊಂಡ ಮತ್ತ ಇಡ್ತೀನಿ."

"ಯಾವಾಗ ಇಡ್ತಿ?"

"ಬ್ಯಾಸಿಗ್ಯಾಗ."

ನನಗೆ ಸಿಟ್ಟು ನೆತ್ತಿಗೇರಿತು. "ಬ್ಯಾಸಿಗೀತನಾ ಮೆಣಸಿನಕಾಯಿ ನಿನ್ನ ದಾರಿ ಕಾಯ್ತಾವೇನ? ಡಂಕ ತಿರಗೂದ ಮಾರ್ಚಿಗೆ. ಮೆಣಸಿನಕಾಯಿ ಬೇಕಾಗೂದ ಫೆಬ್ರುವರಿಗೆ. ಮೊದಲ ಯಾವ್ದ? ಮೆಣಸಿನಕಾಯಿ, ಕೊತ್ತಂಬರಿ, ಕೊಬ್ಬರಿ ಎಲ್ಲಾ ಲೆಕ್ಕ ಹಾಕಿ ಕೂಡಿಸಿದ ರೊಕ್ಕ ಅದ. ಏಳ ಸಾವಿರ ಕಡಿಮಿ ಬಿತ್ತಂದ್ರ ಮತ್ತ ಉದ್ರಿ, ಮತ್ತ ಶಿರೋಳಿ! ನಡಿ ಮನೀಗೆ!" ಇಡೀ ಗಲ್ಲಿ ಕಿಟಕಿ ತೆರೆಯಿತು. ಅವಳು ಕಣ್ಣೊರೆಸಿಕೊಂಡು ಹೋದಳು, ಆಮೇಲೆ ವಾರವಿಡೀ ನನ್ನ ಜೊತೆ ಮಾತು ಬಿಟ್ಟಳು. ಡಬ್ಬಿ ಮಾತ್ರ ಅಕ್ಕಿಯೊಳಗೇ ಇತ್ತು.

ಫೆಬ್ರುವರಿಯಲ್ಲಿ ಮಾರ್ಕೆಟ್ ಯಾರ್ಡಿಗೆ ಹೋದೆವು. ಡಬ್ಬಿ ನನ್ನ ಸೆರಗಿನಡಿ, ಕೀಲಿಕೈ ಅವಳ ಕೊರಳಲ್ಲಿ. ಎಲ್ಲಿ ನೋಡಿದರೂ ಕೆಂಪು ರಾಶಿ, ಘಾಟಿಗೆ ಕಣ್ಣಲ್ಲಿ ನೀರು.

"ಬರ್ರಿ ವಹಿನಿ," ಅಂದ ಮಹಾವೀರ ಕಾಂಚನಳಿಗೆ. "ಯಾವತ್ತಿನಂಗ ಉದ್ರಿ ಬರಕೊಳ್ಳೇನ್ರಿ? ಈ ಸಲ ಕಿಲೋಕ್ಕ ನಾನೂರ."

"ಬರಕೋಬ್ಯಾಡ್ರಿ ಅಣ್ಣಾ. ರೋಖ ದರ ಹೇಳ್ರಿ."

ನಾನು ಡಬ್ಬಿ ತೆಗೆದು ಅವನ ಗಾದಿಯ ಮೇಲೆ ಧಪ್ಪನೆ ಇಟ್ಟೆ. ಮಹಾವೀರ ಡಬ್ಬಿ ನೋಡಿದ, ಕಾಂಚನಳನ್ನು ನೋಡಿದ.

"ರೋಖ ಆದ್ರ ಮುನ್ನೂರಾ ಐವತ್ತ."

"ಅಯ್ಯ! ಇಷ್ಟ ವರ್ಷ ಯಾಕ ಹೇಳಲಿಲ್ಲೋ ಮಾರಾಯಾ?" ಅಂತ ನಾನು ಜಗಳಕ್ಕೆ ಬಿದ್ದೆ.

"ಅಕ್ಕಾರ, ರೈತರಿಗೆ ನಾ ಇವತ್ತ ರೊಕ್ಕ ಕೊಡಬೇಕ. ವಹಿನಿ ಕೊಡೂದ ಜೂನಿಗೆ. ಅಲ್ಲೀತನಾ ನಾ ಎಲ್ಲಿಂದ ತರ್ಲಿ?"

ಅವನು ಹೇಳಿದ್ದರಲ್ಲಿ ನ್ಯಾಯವಿತ್ತು. ಕಾಂಚನ ಆಗಲೇ ಬೆರಳು ಮಡಚುತ್ತ ಲೆಕ್ಕ ಹಾಕುತ್ತಿದ್ದಳು. ಅವಳಿಗೆ ಬೇಕಾದದ್ದು ನೂರರವತ್ತು ಕಿಲೋ. ಕಿಲೋಗೆ ಐವತ್ತು ಉಳಿದರೆ ಎಂಟು ಸಾವಿರ. ನಲವತ್ತು ಮನೆಯ ಮೆಣಸಿನಕಾಯಿ ತೂಗಿ ಚೀಲಕ್ಕೆ ಬಿದ್ದ ಮೇಲೆ ಅದು ಅವಳದೇ ದುಡ್ಡು!

"ಬಾಳಕ್ಕಾ, ಮೋಟರ್!" ಅಂತ ಎಂಥ ಕೂಗು ಹಾಕಿದಳೆಂದರೆ ಹಮಾಲರೆಲ್ಲ ಚೀಲ ಬಿಟ್ಟು ತಿರುಗಿ ನೋಡಿದರು. ನಾವಿಬ್ಬರೂ ಟೆಂಪೋದಲ್ಲಿ ಚೀಲದ ಮೇಲೆ ಕುಳಿತು ಸೀನುತ್ತ, ನಗುತ್ತ ಮನೆಗೆ ಬಂದೆವು.

ಬೇಸಿಗೆಯಲ್ಲಿ ಡಂಕ ಒಂದು ದಿನವೂ ನಿಲ್ಲಲಿಲ್ಲ. ನಲವತ್ತು ಮನೆಗೂ ಖಾರ ಮುಟ್ಟಿತು. ತೀರಿಸಲು ಈ ಸಲ ಯಾರ ಬಾಕಿಯೂ ಇರಲಿಲ್ಲ. ಜೂನಿನ ಮೊದಲ ಮಳೆಗೆ ಗಂಡ ಹೆಂಡತಿ ಇಬ್ಬರೂ ನನ್ನ ಮನೆಗೆ ಬಂದರು. ಡಬ್ಬಿ ಅಮೋಲನ ಕೈಯಲ್ಲಿತ್ತು.

"ಬಾಳಕ್ಕಾ, ಇದ ಮಳಿಗಾಲದ ರೊಕ್ಕ. ತಿಂಗಳಾ ಮನೀ ಖರ್ಚಿಗೆ ಎಷ್ಟ ಬೇಕೋ ಅಷ್ಟ ಕೊಡ್ರಿ. ಹೆಚ್ಚಿಗಿ ಇಕಿ ಕೇಳಿದ್ರ ಬೈರಿ," ಅಂದ. ಆಮೇಲೆ ತಲೆ ಕೆರೆದುಕೊಂಡ. "ನಾ ಕೇಳಿದ್ರೂ ಬೈರಿ."

"ಯಾಕೋ, ಶಿರೋಳಿಗೆ ಹೋಗೂದಿಲ್ಲೇನ?" ಅಂದೆ.

ಅವನು ನಕ್ಕು ಡಬ್ಬಿಯನ್ನು ತಾನೇ ಅಕ್ಕಿಯೊಳಗೆ ಹುಗಿದ.

ಈ ಶ್ರಾವಣದಲ್ಲಿ ಒಂದು ಬೆಳಿಗ್ಗೆ ನೆಂಟರು ಬಂದು ಕುಳಿತಿದ್ದಾಗ ನನ್ನ ಮನೆಯಲ್ಲೇ ಸಕ್ಕರೆ ತೀರಿತು. ಬಟ್ಟಲು ಹಿಡಿದು ಕಾಂಚನಳ ಬಾಗಿಲಿಗೆ ಹೋದೆ. ಅವಳು ನನ್ನನ್ನು ನೋಡಿದಳು, ಬಟ್ಟಲನ್ನು ನೋಡಿದಳು, ಒಳಗೆ ಹೋಗಿ ಸಕ್ಕರೆಯ ಡಬ್ಬಿಯನ್ನೇ ಎತ್ತಿ ತಂದಳು.