ಎದುರಿನ ಮಣೆ

ಫೆಸ್ ಪಟ್ಟಣದ ಹಳೇ ಪೇಟೆಯಲ್ಲಿ ತೊಗಲಿನ ಪರ್ಸು ಹೆಣೆಯುವುದು ಒಬ್ಬನ ಕೆಲಸವಲ್ಲ, ಇಬ್ಬರದು. ಎದುರುಬದುರು ಮಣೆ ಹಾಕಿ ಕೂತು, ಒಬ್ಬ ಬಲ ಅಂಚಿನಿಂದ, ಇನ್ನೊಬ್ಬ ಎಡ ಅಂಚಿನಿಂದ ಮೇಕೆ ತೊಗಲಿನ ಪಟ್ಟಿಗಳನ್ನು ಒಂದರಡಿ ಒಂದು ತೂರಿಸುತ್ತ ನಡುವೆ ಬಂದು ಸೇರಬೇಕು. ಇವನು ಎಳೆದಾಗ ಅವನು ಹಿಡಿಯಬೇಕು. ಬುಷ್ತಾ ಮತ್ತು ಲಹಬೀಬ್ ಇಪ್ಪತ್ತೆಂಟು ವರ್ಷ ಹೀಗೆ ಎಳೆದಾಡಿದವರು. ಅವರ ಪರ್ಸನ್ನು ಬಿಸಿಲಿಗೆ ಹಿಡಿದರೆ ಸೂಜಿಮೊನೆಯಷ್ಟೂ ಬೆಳಕು ತೂರುತ್ತಿರಲಿಲ್ಲ. ಹೊಸದರಲ್ಲಿ ಮೊಂಡು ಕತ್ತೆಯಂತೆ ಬಿರುಸು. ವರ್ಷ ಕಳೆದರೆ ಮೈಬಿಸಿಗೆ ಮೆತ್ತಗಾಗಿ, ಹೊತ್ತವನ ತೊಡೆಯ ಬಾಗನ್ನೇ ಕಲಿತುಬಿಡುತ್ತಿತ್ತು. ಕೊಂಡವರು ಅದನ್ನು ಮಗನಿಗೆ ಬಿಟ್ಟು ಸಾಯುತ್ತಿದ್ದರು.

ಮೂರು ವರ್ಷದ ಹಿಂದೆ ಒಬ್ಬ ಸಾಹುಕಾರ, ಮಿಷನ್ನಿನಲ್ಲಿ ಹೆಣಿಗೆಯ ಅಚ್ಚೊತ್ತಿದ ತೊಗಲನ್ನು ಕೈಕೆಲಸವೆಂದು ಮಾರತೊಡಗಿದ. ಕಸುಬಿನವರೆಲ್ಲ ಅವನ ಮಳಿಗೆ ಮುಂದೆ ಧರಣಿ ಕೂತರು. ಹದಿನೇಳನೇ ದಿನ ಲಹಬೀಬ್ ಎದ್ದುಹೋಗಿ ಅದೇ ಮಿಷನ್ ತುಳಿಯಲು ಸೇರಿಕೊಂಡ. ಅಂದಿನಿಂದ ಬುಷ್ತಾ ಅವನ ಸಲಾಮಿಗೆ ಉತ್ತರ ಕೊಟ್ಟವನಲ್ಲ.

ಲಹಬೀಬನ ಎಡ ಅಂಚನ್ನು ಮೊಳೆಗೆ ಕಟ್ಟಿ ಒಬ್ಬನೇ ಹೆಣೆದ. ಮೊಳೆಗೆ ಹಿಡಿಯುವುದು ಗೊತ್ತು, ಬಿಡುವುದು ಗೊತ್ತಿಲ್ಲ. ಎರಡು ದಿನದ ಕೆಲಸ ವಾರ ಹಿಡಿಯುತ್ತಿತ್ತು. ನಡುವಿಗೆ ಬರುತ್ತಲೇ ಕೈ ತಂತಾನೇ ನಿಂತುಬಿಡುತ್ತಿತ್ತು, ಮಿಕ್ಕರ್ಧ ಬೇರೆಯವನ ಪಾಲು ಎನ್ನುವಂತೆ. ಹೆಂಡತಿ ತಾಮೊ ತೀರಿಕೊಂಡ ವರ್ಷವಂತೂ ಮಾತಾಡಲು ಎದುರಿಗೆ ಯಾರೂ ಇಲ್ಲದೆ ದಿನಗಟ್ಟಲೆ ಅವನ ಗಂಟಲಿಗೆ ಕೆಲಸವಿರಲಿಲ್ಲ.

ಈ ವಸಂತದಲ್ಲಿ ಲಹಬೀಬ್ ಬಾಗಿಲಲ್ಲಿ ಬಂದು ನಿಂತ.

"ಏನಯ್ಯಾ, ಸಾಹುಕಾರ ಒದ್ದು ಓಡಿಸಿದ್ನಾ?"

"ನಾನೇ ಬಿಟ್ಟೆ. ಆ ಮಿಷನ್ನು ಮಾತಾಡಲ್ಲ ಮಾರಾಯ, ಬರೀ ಗುರುಗುಡುತ್ತೆ."

"ನಿಂಗೆ ತಕ್ಕ ಜೋಡಿ ಬಿಡು. ನಿದ್ದೇಲಿ ನೀನೂ ಅಷ್ಟೇ."

"ಅವತ್ತು ಮನೇಲಿ ಐದು ಬಾಯಿ ಇತ್ತು ಕಣೋ."

"ಧರಣೀಲಿ ಕೂತೋರ ಮನೇಲೆಲ್ಲಾ ಬಾಯಿ ಹೊಲ್ಕೊಂಡಿದ್ರಾ?"

ಬುಷ್ತಾ ಕಾಲಿನಿಂದ ಎದುರಿನ ಮಣೆಯನ್ನು ಮುಂದಕ್ಕೆ ನೂಕಿದ. ಲಹಬೀಬ್ ಕೂತು ಎಡ ಅಂಚು ಹಿಡಿದ.

ಎಳೆದಾಗ ಆಚೆಯಿಂದ ಮನುಷ್ಯನ ಕೈ ಹಿಡಿಯಿತು. ಯಾರ ಮಗಳ ಮದುವೆ, ಯಾರ ಹಲ್ಲು ಉದುರಿತು ಎಂದೆಲ್ಲ ಮಾತು ಹರಿಯಿತು. ಮಾರನೇ ದಿನ ಮಧ್ಯಾಹ್ನ ಎರಡು ಅರ್ಧಗಳೂ ನಡುವೆ ಸೇರಿದವು. ಬುಷ್ತಾ ಪರ್ಸನ್ನು ಬಿಸಿಲಿಗೆ ಹಿಡಿದ. ತನ್ನ ಅರ್ಧ ಗೋಡೆಯಂತಿತ್ತು. ಲಹಬೀಬನದರಲ್ಲಿ ಬೆಳಕು ಚುಕ್ಕೆಚುಕ್ಕೆಯಾಗಿ ಸುರಿಯುತ್ತಿತ್ತು. ಮೂರು ವರ್ಷ ಮಿಷನ್ ತುಳಿದವನ ಬೆರಳಲ್ಲಿ ಬಿಗಿ ಉಳಿದಿರಲಿಲ್ಲ.

ಒಂದು ಮಾತು ನುಂಗಿದರೆ ಎದುರಿನ ಮಣೆ ತುಂಬಿರುತ್ತದೆ. ಬುಷ್ತಾನಿಗೆ ಅದು ಚೆನ್ನಾಗಿ ಗೊತ್ತಿತ್ತು.

"ಹೆಂಗಿದೆ?" ಎಂದ ಲಹಬೀಬ್.

"ಜರಡಿ," ಎಂದು ಬುಷ್ತಾ ಆ ಅರ್ಧವನ್ನು ಬಿಚ್ಚತೊಡಗಿದ.

"ಒಂದು ತಿಂಗಳು ಕೊಡೋ, ಕೈ ಪಳಗುತ್ತೆ."

"ಕೊಡ್ತೀನಿ. ಅಲ್ಲೀವರೆಗೂ ಬಾಗಿಲ ಹತ್ರ ಕೂತು ಪಟ್ಟಿ ಸೀಳು. ಹೊಸಬರು ಕೂರೋದು ಅಲ್ಲೇ."

"ಅರವತ್ತಕ್ಕೆ? ಪೇಟೆಯೋರೆಲ್ಲ ನೋಡ್ತಿರೋವಾಗ?"

"ಸಾಹುಕಾರನ ಬಾಗಿಲಿಗೆ ಹೋಗೋವಾಗ ಪೇಟೆಗೆ ಕಣ್ಣಿರಲಿಲ್ವಾ?"

ಲಹಬೀಬ್ ಚಪ್ಪಲಿ ಮೆಟ್ಟಿ ಹೊರಟುಹೋದ. ಬುಷ್ತಾ ಕರೆಯಲಿಲ್ಲ.

ಬೆಳಗಾಗೆದ್ದು ಬಾಗಿಲ ಬಳಿ ಚಾಪೆಯ ತುಂಡೊಂದನ್ನು ಹಾಸಿದ. ಸೀಳುವ ಚಾಕುವನ್ನು ಮಸೆದು ಪಕ್ಕದಲ್ಲಿಟ್ಟ. ವಾರವಿಡೀ ಚಾಪೆಯನ್ನು ತುಳಿಯದೆ ದಾಟಿಕೊಂಡೇ ಓಡಾಡಿದ. ಆಮೇಲೆ ಪೇಟೆಯ ಬೆಕ್ಕೊಂದು ಬಂದು ಅಲ್ಲಿ ಮಲಗತೊಡಗಿತು. ಬುಷ್ತಾ ಚಾಕು ಎತ್ತಿಟ್ಟ, ಬೆಕ್ಕನ್ನು ಓಡಿಸಲಿಲ್ಲ.