ಅಪ್ಪನ ತಂತಿಗೆ ಬಂದ ಉತ್ತರ

ನಾನು ಎರಡು ಜಡೆ ಹಾಕಿಕೊಂಡು ಹಲಸೂರಿನ ಗಲ್ಲಿಗಳಲ್ಲಿ ಓಡಾಡಿಕೊಂಡಿದ್ದ ಕಾಲದ ಒಂದು ಭಾನುವಾರದ ಕತೆ ಇದು. ಹೇಳಜ್ಜಿ ಹೇಳಜ್ಜಿ ಎಂದು ಪ್ರಾಣ ತಿನ್ನುತ್ತೀರಿ, ಹೇಳಲು ಕೂತರೆ ಮಧ್ಯದಲ್ಲೇ ಎದ್ದು ಹೋಗುತ್ತೀರಿ. ಈ ಸಲ ಯಾರೂ ಏಳಕೂಡದು. ಒಂದೇ ಕತೆಯನ್ನು ಎರಡೆರಡು ಸಲ ಹೇಳುವ ತ್ರಾಣ ನನಗೆ ಉಳಿದಿಲ್ಲ.

ನಮ್ಮದು ಮಹಡಿ ಮೇಲಿನ ಬಾಡಿಗೆ ಮನೆ. ಒಂದು ಕೋಣೆ, ಒಂದು ಅಡುಗೆಮನೆ, ಹೊರಗೆ ಕಾಲಿಟ್ಟರೆ ತಾರಸಿ. ಕೆಳಗೆ ಮನೆಯ ಓನರ್ ತಾತ ಇದ್ದರು. ಅಪ್ಪ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು, ಹೆಚ್ಚಾಗಿ ರಾತ್ರಿ ಪಾಳಿ. ಬೆಳಿಗ್ಗೆ ಕಾರ್ಖಾನೆಯ ಬಸ್ಸಿಳಿದು ಬರುವಾಗ ಅವರ ಅಂಗಿ ಗ್ರೀಸಿನ ವಾಸನೆ ಹೊಡೆಯುತ್ತಿತ್ತು, ಕಣ್ಣು ಕೆಂಪಗಾಗಿರುತ್ತಿತ್ತು. ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ನಿಂತು ಉಸ್ಸಪ್ಪಾ ಎನ್ನುತ್ತಿದ್ದರು. ಅದು ಕೇಳಿಸಿದ ಮೇಲೆಯೇ ಅಮ್ಮ ಕಾಫಿಗೆ ಹಾಲು ಬಿಸಿಗಿಡುತ್ತಿದ್ದಳು.

ಇಂಥ ಮನುಷ್ಯನಿಗೆ ಒಂದು ಹುಚ್ಚಿತ್ತು. ಮನೆಯಲ್ಲೇ ಮಾಡಿದ ರೇಡಿಯೋದಿಂದ ದೂರದೂರಿನವರ ಜೊತೆ ಮಾತಾಡಬೇಕು. ಹಾಡು ಕೇಳುವ ರೇಡಿಯೋ ಅಲ್ಲ ಮಕ್ಕಳೇ, ಹ್ಯಾಮ್ ರೇಡಿಯೋ ಅನ್ನುತ್ತಾರೆ ಅದಕ್ಕೆ. ನಾವು ಕಳಿಸಿದ್ದು ಅವರಿಗೆ ಕೇಳಿಸಬೇಕು, ಅವರು ಕಳಿಸಿದ್ದು ನಮಗೆ. ಸರ್ಕಾರದ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ತೆಗೆದುಕೊಂಡರೆ ಮಾತ್ರ ಕಳಿಸಬಹುದು. ಅಪ್ಪ ನಿದ್ದೆಗೆಟ್ಟು ಓದಿ ಲೈಸೆನ್ಸ್ ತೆಗೆದುಕೊಂಡಿದ್ದರು. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಹುಡುಕಿ ತಂದ ಬಿಡಿ ಭಾಗಗಳನ್ನೆಲ್ಲ ಒಂದು ಬಿಸ್ಕತ್ ಡಬ್ಬಿಯಲ್ಲಿ ಕೂರಿಸಿ ಬೆಸುಗೆ ಹಾಕಿದ್ದರು. ಅದರ ಶಕ್ತಿ ಎಷ್ಟು ಅಂತೀರಿ? ಟಾರ್ಚಿನ ಬಲ್ಬು ಉರಿಯುವಷ್ಟು. ತಂತಿ ಸರಿಯಾಗಿ ಕಟ್ಟಿದರೆ ಅಷ್ಟೇ ಸಾಕು ಎನ್ನುತ್ತಿದ್ದರು ಅಪ್ಪ.

ಆ ತಂತಿಯೇ ಆಂಟೆನಾ. ಸುಟ್ಟ ಮೋಟಾರಿನಿಂದ ಬಿಚ್ಚಿದ ತಾಮ್ರದ ತಂತಿಯನ್ನು ಅಳೆದು ಕತ್ತರಿಸಿ, ತಾರಸಿಯ ಎರಡು ಮೂಲೆಗಳಲ್ಲಿ ನಿಲ್ಲಿಸಿದ ಬೊಂಬುಗಳ ನಡುವೆ ಬಿಗಿಯಾಗಿ ಎಳೆದಿದ್ದರು. ತಂತಿ ಬೊಂಬಿಗೆ ತಾಗಬಾರದೆಂದು ಎರಡೂ ತುದಿಗೆ ಪ್ಲಾಸ್ಟಿಕ್ ಬಾಚಣಿಗೆಯ ತುಂಡು ಕಟ್ಟಿದ್ದರು. ಅಮ್ಮ ಆ ಬಾಚಣಿಗೆಗಾಗಿ ಮನೆಯೆಲ್ಲ ಜಾಲಾಡಿ, ಕೊನೆಗೆ ಬಟ್ಟೆ ಒಣಗಹಾಕಲು ಹೋಗಿ ತಲೆಯೆತ್ತಿದರೆ, ಅದು ಆಕಾಶದಲ್ಲಿ ನೇತಾಡುತ್ತಿತ್ತು. ಅವತ್ತಿಡೀ ಅವಳು ಅಪ್ಪನ ಜೊತೆ ಮಾತಾಡಲಿಲ್ಲ.

ಆ ರೇಡಿಯೋದಲ್ಲಿ ಬಾಯಿಮಾತು ಇರಲಿಲ್ಲ. ಚಿಕ್ಕ ಸದ್ದು, ಉದ್ದ ಸದ್ದು, ಅಷ್ಟೇ. ಇಂಗ್ಲಿಷಿನ ಒಂದೊಂದು ಅಕ್ಷರಕ್ಕೂ ಸದ್ದುಗಳ ಒಂದೊಂದು ಜೋಡಣೆ, ಅದೇ ಮೋರ್ಸ್ ಕೋಡ್. ಗರಗಸದ ಬ್ಲೇಡಿನ ತುಂಡಿಗೆ ಡ್ರಾಯರಿನ ಹಿಡಿ ಸಿಕ್ಕಿಸಿ, ಸದ್ದು ಕಳಿಸುವ ಕೀ ಮಾಡಿಕೊಂಡಿದ್ದರು. ಅಪ್ಪ ಅಭ್ಯಾಸ ಮಾಡುವಾಗ ನಾನೂ ಪಕ್ಕದಲ್ಲಿ ಕೂತು ಹೆಡ್‌ಫೋನಿನ ಒಂದು ಕಿವಿಯನ್ನು ನನ್ನ ಕಡೆಗೆ ತಿರುಗಿಸಿಕೊಳ್ಳುತ್ತಿದ್ದೆ. ಅಪ್ಪನಿಗಿಂತ ಬೇಗ ನನಗೇ ಅದು ಹತ್ತಿತು. ಆದರೆ ಕೀ ಮುಟ್ಟುವಂತಿರಲಿಲ್ಲ. ಲೈಸೆನ್ಸ್ ಇರುವವರು ಮಾತ್ರ ಒತ್ತಬೇಕು, ಬೇರೆಯವರು ಒತ್ತಿದರೆ ತಮ್ಮ ಲೈಸೆನ್ಸೇ ಹೋಗಿಬಿಡಬಹುದು ಎಂದು ಅಪ್ಪ ಕಟ್ಟುನಿಟ್ಟಾಗಿ ಹೇಳಿದ್ದರು.

ಇಷ್ಟೆಲ್ಲ ಮಾಡಿ ಏನಾಯಿತು ಅಂತೀರಿ? ಏನೂ ಆಗಲಿಲ್ಲ. ಅಪ್ಪ ಕರೆಯುತ್ತಿದ್ದರು, ಕಾಯುತ್ತಿದ್ದರು, ಮತ್ತೆ ಕರೆಯುತ್ತಿದ್ದರು. ಬೇರೆಯವರು ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುವುದು ನಮಗೆ ಕೇಳುತ್ತಿತ್ತು. ನಮ್ಮನ್ನು ಮಾತ್ರ ಯಾರೂ ಕೇಳಿಸಿಕೊಳ್ಳಲಿಲ್ಲ. ತಂತಿ ಇಳಿಸುವುದು, ಕತ್ತರಿಸುವುದು, ಮತ್ತೆ ಏರಿಸುವುದು. ಬೇಸಿಗೆ ಕಳೆದು ಮಳೆಗಾಲವೂ ಕಳೆಯಿತು. ಅಮ್ಮ ಬಯ್ಯುವುದನ್ನೂ ಬಿಟ್ಟಳು, ಅದೇ ನೋಡಲಾಗುತ್ತಿರಲಿಲ್ಲ.

ಆಗ ಓನರ್ ತಾತ ತಾರಸಿಯ ಮೇಲೆ ರೂಮು ಕಟ್ಟಿಸಲು ಹೊರಟರು. ಇಟ್ಟಿಗೆ ಬಂತು, ಮರಳು ಬಂತು. ಒಂದು ಭಾನುವಾರ ಬೆಳಿಗ್ಗೆ ಅಪ್ಪ ಗೇಟಿನೊಳಗೆ ಕಾಲಿಡುತ್ತಲೇ ತಾತ ತಮ್ಮ ತಮಿಳು ಬೆರೆತ ಕನ್ನಡದಲ್ಲಿ, ನಾಳೆ ಮೇಸ್ತ್ರಿ ಬರುತ್ತಾನೆ, ಸಾಯಂಕಾಲದೊಳಗೆ ಕಂಬಿ ಬೊಂಬು ಎಲ್ಲ ಎತ್ತಿಬಿಡಪ್ಪಾ ಎಂದರು. ತಂತಿಗೆ ಅವರು ಕಂಬಿ ಎನ್ನುತ್ತಿದ್ದರು. ಅವರದೇನೂ ತಪ್ಪಿಲ್ಲ, ಅವರ ಮನೆ ಅವರ ತಾರಸಿ. ಆದರೆ ನಮಗೆ ತಂತಿ ಕಟ್ಟಲು ಬೇರೆ ಜಾಗವೇ ಇರಲಿಲ್ಲ.

ಅಪ್ಪ ವಾರವಿಡೀ ರಾತ್ರಿ ಪಾಳಿ ಮುಗಿಸಿ ಬಂದಿದ್ದರು. ಊಟ ಮಾಡಿ ಮಲಗ್ರೀ ಎಂದಳು ಅಮ್ಮ. ಅಪ್ಪ ಕಾಫಿ ಕುಡಿದು ಮೇಜಿನ ಮುಂದೆ ಕೂತರು. ಇವತ್ತೊಂದು ದಿನ, ಆಮೇಲೆ ಮಲಗುವುದು ಇದ್ದೇ ಇದೆ ಎಂದರು. ಕರೆದರು, ಕಾದರು. ಬಿಸಿಯಾದ ಡಬ್ಬಿಯಿಂದ ಬೆಸುಗೆಯ ರಾಳದ ವಾಸನೆ ಬರುತ್ತಿತ್ತು, ಒಳಗೆ ಅಮ್ಮ ಈರುಳ್ಳಿ ಹುರಿಯುತ್ತಿದ್ದಳು. ಬಿಸಿಲು ಏರಿದಂತೆ ಅಪ್ಪನ ತಲೆ ತೂಗಿತು. ಮತ್ತೊಮ್ಮೆ ಕರೆದರು. ಕರೆದು ಮುಗಿಸಿದವರೇ ಮೇಜಿಗೆ ಕೆನ್ನೆ ಆನಿಸಿ ಹಾಗೇ ನಿದ್ದೆ ಹೋದರು. ಕೈ ಕೀಯ ಪಕ್ಕದಲ್ಲೇ ಇತ್ತು. ನಾನು ಮೆಲ್ಲಗೆ ಹೆಡ್‌ಫೋನ್ ತೆಗೆದು ನನ್ನ ಕಿವಿಗಿಟ್ಟುಕೊಂಡೆ.

ಅಷ್ಟರಲ್ಲಿ ಬಂತು. ಮೊದಲು ನನಗೆ ನಂಬಿಕೆಯೇ ಬರಲಿಲ್ಲ. ಕೊರಕೊರ ಸದ್ದಿನ ಅಡಿಯಲ್ಲಿ, ಬಹಳ ತೆಳ್ಳಗೆ, ಯಾರೋ ಅಪ್ಪನ ಗುರುತಿನ ಅಕ್ಷರಗಳನ್ನು ಕಳಿಸುತ್ತಿದ್ದರು. ಲೈಸೆನ್ಸಿನ ಜೊತೆ ಸರ್ಕಾರ ಒಬ್ಬೊಬ್ಬರಿಗೂ ಅಂಥ ಒಂದು ಗುರುತು ಕೊಡುತ್ತದೆ, ಇನ್ನೊಬ್ಬರಿಗೆ ಅದು ಇರುವುದಿಲ್ಲ. ಅಪ್ಪನ ಭುಜ ಹಿಡಿದು ಅಲ್ಲಾಡಿಸಿದೆ. ಅಡುಗೆಮನೆಯಿಂದ ಅಮ್ಮ ಸಿಡುಕಿದಳು:

“ಎಬ್ಬಿಸಿದ್ರೆ ನೋಡು. ರಾತ್ರಿಯೆಲ್ಲ ಕಣ್ಮುಚ್ಚಿಲ್ಲ ಆ ಜೀವ.”

ನಾನು ಬಿಡಲಿಲ್ಲ, ಇನ್ನೂ ಜೋರಾಗಿ ಅಲ್ಲಾಡಿಸಿದೆ. ಅಪ್ಪ ಕಣ್ಣು ಬಿಡದೆ, ಬಸ್ ಬಂತಾ ಎಂದು ಗೊಣಗಿ ಮತ್ತೆ ಗೊರಕೆ ಹೊಡೆದರು. ಹೆಡ್‌ಫೋನಿನಲ್ಲಿ ಆ ಮನುಷ್ಯ ಇನ್ನೊಮ್ಮೆ ಕರೆದ. ಉತ್ತರ ಬಾರದಿದ್ದರೆ ಹೋಗಿಬಿಡುತ್ತಾನೆ, ಸಾಯಂಕಾಲ ತಂತಿ ಇಳಿಯುತ್ತದೆ, ಅಲ್ಲಿಗೆ ಮುಗಿಯಿತು. ನಾನು ಕೀ ಒತ್ತುವಂತಿಲ್ಲ. ಆದರೆ ಅಪ್ಪನ ಕೈ ಒತ್ತಬಹುದಲ್ಲ? ನನ್ನ ಎರಡೂ ಕೈಯಲ್ಲಿ ಅವರ ಕೈ ಹಿಡಿದುಕೊಂಡೆ. ಅಬ್ಬಾ, ನಿದ್ದೆ ಹೋದವರ ಕೈ ಎಷ್ಟು ಭಾರ! ಕೇಳಿಸಿತು ಎನ್ನಲು ಒಂದು ಅಕ್ಷರವಿದೆ: ಚಿಕ್ಕದು, ಉದ್ದ, ಚಿಕ್ಕದು. ಅಪ್ಪನ ಬೆರಳಿನಿಂದಲೇ ಅದನ್ನು ಒತ್ತಿಸಿದೆ. ಆಮೇಲೆ ತಡವರಿಸುತ್ತ ಅಪ್ಪನ ಗುರುತು.

ಆ ಕಡೆಯವನು ನನ್ನ ವೇಗಕ್ಕೆ ಇಳಿದು, ಒಂದೊಂದೇ ಅಕ್ಷರ ಬಿಡಿಸಿ ಕಳಿಸಿದ. ನಿಮ್ಮ ಸದ್ದು ಬಹಳ ಸಣ್ಣಗಿದೆ, ಆದರೆ ಕೇಳುತ್ತಿದೆ, ನಾನು ನಾಗಪಟ್ಟಣದಲ್ಲಿದ್ದೇನೆ, ನಿಮ್ಮದು ಯಾವ ಊರು ಎಂದು. ಕೂಡಿಸಿ ಓದುವಷ್ಟರಲ್ಲಿ ನನಗೆ ಅಳುವೇ ಬಂತು. ಅಮ್ಮಾ, ಯಾರೋ ಉತ್ತರ ಕೊಡ್ತಿದಾರೆ ಎಂದು ಕಿರುಚಿದೆ. ಎಬ್ಬಿಸಬೇಡ ಎಂದಿದ್ದ ಅದೇ ಅಮ್ಮ ಸೌಟು ಹಿಡಿದುಕೊಂಡೇ ಓಡಿ ಬಂದಳು. ಅಪ್ಪನ ಕೈ ಹಿಡಿದು ಒತ್ತಿಸುತ್ತಿದ್ದ ನನ್ನನ್ನು ನೋಡಿದಳು. ಬಿಂದಿಗೆಯಿಂದ ಒಂದು ಚೊಂಬು ನೀರು ಮೊಗೆದು ತಂದು ಅಪ್ಪನ ತಲೆಯ ಮೇಲೆ ಸುರಿದೇಬಿಟ್ಟಳು.

ಅಪ್ಪ ಧಡಕ್ಕನೆ ಎದ್ದರು. ಒದ್ದೆ ತಲೆಗೇ ಹೆಡ್‌ಫೋನ್ ಸಿಕ್ಕಿಸಿಕೊಂಡರು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. ಬಯ್ಯುತ್ತಾರೆ ಅಂದುಕೊಂಡೆ, ಬಯ್ಯಲಿಲ್ಲ. ಊರಿನ ಹೆಸರು ಕಳಿಸಿ ಸುಮ್ಮನಿರಬಹುದಿತ್ತು, ಯಾರಿಗೆ ಗೊತ್ತಾಗುತ್ತಿತ್ತು? ಅಪ್ಪ ಹಾಗೆ ಮಾಡಲಿಲ್ಲ. ಇಷ್ಟು ಹೊತ್ತು ಒತ್ತಿದ್ದು ನನ್ನ ಮಗಳು, ಕ್ಷಮಿಸಿ, ಈಗ ನಾನು ಎಂದು ಕಳಿಸಿದರು. ಕಳಿಸಿ ಕಿವಿಗೊಟ್ಟರು. ಏನೋ ಬರುತ್ತಿತ್ತು, ಆದರೆ ಗಲ್ಲಿಯ ತುದಿ ದಾಟುವ ಸೈಕಲ್ ಗಂಟೆಯಂತೆ ದೂರವಾಗುತ್ತ ಹೋಯಿತು. ಅಕ್ಷರಗಳು ಒಡೆದುಹೋದವು. ಆಮೇಲೆ ಬರೀ ಕೊರಕೊರ. ಗಾಳಿಯಲ್ಲಿ ಬರುವ ಸದ್ದಿನ ಹಣೆಬರಹವೇ ಅಷ್ಟು, ಯಾವಾಗ ಬಂದೀತು, ಯಾವಾಗ ಹೋದೀತು ಹೇಳಲಾಗದು.

ಸಾಯಂಕಾಲದವರೆಗೂ ಅಪ್ಪ ಮೇಜು ಬಿಟ್ಟು ಏಳಲಿಲ್ಲ. ಕರೆದರು, ಕಾದರು. ಅಮ್ಮ ತಟ್ಟೆಯನ್ನು ಮೇಜಿಗೇ ತಂದಿಟ್ಟಳು. ಬಿಸಿಲು ಇಳಿಯುವ ಹೊತ್ತಿಗೆ ಅವರೇ ಎದ್ದು ಹೋಗಿ ತಂತಿ ಬಿಚ್ಚಿ ಸುತ್ತತೊಡಗಿದರು. ಒಂದು ತುದಿ ನಾನು ಹಿಡಿದಿದ್ದೆ. ಮೆಟ್ಟಿಲು ಹತ್ತಿ ಬಂದ ಓನರ್ ತಾತ, ಕಡೇ ದಿನವಾದರೂ ಯಾರಾದರೂ ಮಾತಾಡಿದರಾ ಎಂದು ಕೇಳಿದರು. ನಾನು ಅಪ್ಪನ ಮುಖ ನೋಡಿದೆ. ಉತ್ತರ ಬಂದಾಗ ಅವರು ನಿದ್ದೆಯಲ್ಲಿದ್ದರು, ಎದ್ದಾಗ ಅದು ಇರಲಿಲ್ಲ. ಏನು ಹೇಳುತ್ತಾರೆ ಪಾಪ ಎಂದುಕೊಂಡೆ. ಅಪ್ಪ ತಂತಿ ಸುತ್ತುತ್ತಲೇ ಹೇಳಿದರು:

“ಬಂತು ಸಾರ್, ಉತ್ತರ ಬಂತು. ನನಗಲ್ಲ, ನಮ್ಮನೆಗೆ ಬಂತು.”

ಅಷ್ಟು ಹೇಳಿ ನಕ್ಕರು. ಆ ಸುಸ್ತಿನಲ್ಲೂ ನಕ್ಕರು, ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ತಾತ ಕೆಳಗೆ ಹೋಗಿ ಅವರ ಮನೆಯವರಿಗೆ ಹೇಳಿದರು, ಅವರು ಹಾಲಿನವನಿಗೆ ಹೇಳಿದರು. ಅಮ್ಮ ಕೇಸರಿಬಾತ್ ಮಾಡಿ ಅಕ್ಕಪಕ್ಕದವರಿಗೆಲ್ಲ ಹಂಚಿದಳು. ಅಪ್ಪ ಮಾತ್ರ ಚಾಪೆ ಬಿಚ್ಚಿ ಮಲಗಿದವರು ಅದನ್ನು ತಿನ್ನಲೂ ಏಳಲಿಲ್ಲ. ತಾರಸಿಯ ಮೇಲೆ ರೂಮು ಎದ್ದಿತು. ಪಾಳಿಯಂತೂ ಮುಗಿಯುವ ವಸ್ತುವಲ್ಲ. ಡಬ್ಬಿ ಅಟ್ಟ ಸೇರಿತು, ಅಪ್ಪ ಮತ್ತೆ ತಂತಿ ಕಟ್ಟಲಿಲ್ಲ.

ಈಗ ಕಗ್ಗದಾಸಪುರದ ಈ ಫ್ಲ್ಯಾಟಿನಲ್ಲಿ ನಿಮಗೆಲ್ಲ ಒಬ್ಬೊಬ್ಬರಿಗೂ ಒಂದೊಂದು ಫೋನು. ಹಗಲೂ ರಾತ್ರಿ ಟುಂಯ್ ಟುಂಯ್ ಎಂದು ಉತ್ತರಗಳು ಬರುತ್ತಲೇ ಇರುತ್ತವೆ. ಒಳ್ಳೆಯದೇ, ನಿಮಗೆ ಕಾಯುವ ಕಷ್ಟ ಇಲ್ಲ, ನಾನು ಬೇಡ ಅನ್ನುವುದಿಲ್ಲ. ಆದರೆ ಮೊನ್ನೆ ಸ್ಕೂಲಿನ ಹಾಕಿ ಟೀಮಿಗೆ ನಿಮ್ಮಲ್ಲಿ ದೊಡ್ಡವಳು ಸೇರಿದಳಲ್ಲ, ಆ ಸುದ್ದಿಯೂ ಫೋನಿಗೇ ಬಂದಿತ್ತಂತೆ. ಓದಿಕೊಂಡಳು, ತನ್ನಷ್ಟಕ್ಕೆ ತಾನೇ ನಕ್ಕಳು, ಫೋನು ಮಗುಚಿಟ್ಟಳು. ನನಗೆ ಗೊತ್ತಾಗಿದ್ದು ಆಮೇಲೆ ನಿಮ್ಮಮ್ಮನಿಂದ. ಅಲ್ಲ ಕಣೇ ಹುಡುಗಿ, ಒಂದು ಸಲ ಕೂಗಿಬಿಡಬಾರದಿತ್ತೇ? ನಾನು ಅದೇ ಸೋಫಾದ ಮೇಲೆ, ನಿನ್ನ ಪಕ್ಕದಲ್ಲೇ ಕೂತಿದ್ದೆ.