ಬಾಯಲ್ಲಿ ಗುಂಡು, ಕೈಯಲ್ಲಿ ಬಾವುಟ

ನಾನು ಯಾವಾಗಲೂ ಕೋಟೆಯ ಒಳಗೆ, ನಮ್ಮ ಶಾಲೆಯಲ್ಲಿ ಅರಬಿ ಕಲಿಸುವ ಮಾಷ್ಟ್ರು ಯಾವಾಗಲೂ ಹೊರಗೆ. ಶನಿವಾರ ಮಧ್ಯಾಹ್ನ ಸ್ಟಾಫ್ ರೂಮಿನ ಉದ್ದ ಮೇಜಿನ ಮೇಲೆ ನಕ್ಷೆ ಬಿಡಿಸಿಟ್ಟರೆ ಸಂಜೆಯ ಬಸ್ಸಿನವರೆಗೆ ನಮ್ಮ ಮುತ್ತಿಗೆಯ ಆಟ ನಡೆಯುತ್ತಿತ್ತು. ನಾಲ್ಕು ಶತಮಾನಗಳ ಹಿಂದೆ ಯುರೋಪಿನ ಉತ್ತರದ ಕೆಸರು ನೆಲದಲ್ಲಿದ್ದ ಊರು ಅದು. ನಕ್ಷತ್ರದ ಆಕಾರದ ಮಣ್ಣಿನ ಗೋಡೆ, ಸುತ್ತ ನೀರಿನ ಕಂದಕ. ಗಡಿನಾಡಿನ ಮಂಗಲ್ಪಾಡಿ ಪಂಚಾಯತಿನ ಒಂದು ಮೂಲೆಯ ಅನುದಾನಿತ ಶಾಲೆಯಲ್ಲಿ ಕನ್ನಡ ಮೀಡಿಯಮ್ಮಿನ ಮಕ್ಕಳಿಗೆ ಸಮಾಜ ಕಲಿಸುವ ಹೆಂಗಸಿಗೂ ಆ ಊರಿಗೂ ಎಂತ ಸಂಬಂಧ ಎಂದು ಕೇಳಿದವರು ಬಹಳ. ನಾನು ಉತ್ತರ ಕೊಟ್ಟದ್ದು ಕಡಿಮೆ. ಕೇಳಿದ ಹೆಚ್ಚಿನವರಿಗೆ ಉತ್ತರ ಬೇಕಾಗಿಯೂ ಇರಲಿಲ್ಲ.

ಆಟದ ಪೆಟ್ಟಿಗೆ ಬಂದದ್ದು ದುಬೈಯಿಂದ. ಮಾಷ್ಟ್ರ ಅಣ್ಣ ಅಲ್ಲಿ ಒಂದು ಕಂಪೆನಿಯ ಗೋಡೌನಿನಲ್ಲಿದ್ದ. ಅವನ ಮೇಲಿನ ಇಂಗ್ಲಿಷ್ ಸಾಹೇಬ ಊರಿಗೆ ಹೋಗುವಾಗ ಬಿಟ್ಟುಹೋದ ಸಾಮಾನಿನಲ್ಲಿ ಅದೂ ಇತ್ತಂತೆ. ಮಕ್ಕಳ ಆಟಿಕೆ ಎಂದುಕೊಂಡು ಹಾಲಿನ ಪುಡಿ, ಅತ್ತರು, ಕಂಬಳಿಯ ಜೊತೆಗೆ ಅದನ್ನೂ ಕಟ್ಟಿ ತಂದಿದ್ದ. ಮನೆಯ ಮಕ್ಕಳು ಒಂದು ದಿನ ಕೆದಕಿ ಬಿಸಾಡಿದರು. ನಿಯಮದ ಪುಸ್ತಕದ ಇಂಗ್ಲಿಷು ಅರ್ಥವಾಗದೆ ಮಾಷ್ಟ್ರು ಅದನ್ನು ಶಾಲೆಗೆ ತಂದು ನನ್ನ ಮುಂದಿಟ್ಟರು. ಇದ್ದವರಲ್ಲಿ ಚರಿತ್ರೆ ಓದಿದವಳು ನಾನೊಬ್ಬಳೇ ಎಂಬ ಕಾರಣಕ್ಕೆ. ರಟ್ಟಿನ ಸೈನಿಕರಲ್ಲಿ ಅರ್ಧಕ್ಕರ್ಧ ಕಾಣೆಯಾಗಿದ್ದರು. ನಾನು ಅಮ್ಮನ ಚೆನ್ನೆಮಣೆಯ ಮಂಜೊಟ್ಟಿ ಕಾಯಿಗಳನ್ನು ತಂದೆ. ಆ ಕೆಂಪು ಬೀಜಗಳು ನನ್ನ ಕಡೆಯವರಾದವು. ಮಾಷ್ಟ್ರು ತಮ್ಮ ಮನೆಯ ಅಡಿಗೆ ಕೋಣೆಯಿಂದ ಹುಣಸೆ ಬೀಜ ತಂದರು. ಮಳೆಗಾಲದ ಆಟಿ ತಿಂಗಳಲ್ಲಿ ಆಡಲಿಕ್ಕೆ ಕಾಯಿ ಇಲ್ಲದೆ ಅಮ್ಮ ನನ್ನನ್ನು ಬೈದದ್ದು ಬೇರೆ.

ಇಬ್ಬರೂ ಸೇರಿ ಆ ಪುಸ್ತಕವನ್ನು ಕನ್ನಡ ಮಾಡಿದೆವು. ಒಂದಿಡೀ ಬೇಸಗೆ ರಜೆ ಹೋಯಿತು. ಮನೆಯಲ್ಲಿ ಬ್ಯಾರಿ ಭಾಷೆ ಆಡುವ ಅವರು, ತುಳು ಆಡುವ ನಾನು, ನಡುವೆ ನಾವಿಬ್ಬರೂ ಇದೇ ಶಾಲೆಯ ಬೆಂಚಿನಲ್ಲಿ ಕಲಿತ ಕನ್ನಡ. ಕೋವಿಯವರು, ಈಟಿಯವರು, ಸುರಂಗದವರು ಎಂದು ಒಬ್ಬೊಬ್ಬರಿಗೂ ಹೆಸರಿಟ್ಟಾಗ ಆ ದೂರದ ಯುದ್ಧ ನಮ್ಮ ಊರಿನ ಪಕ್ಕಕ್ಕೆ ಬಂದು ಕೂತಿತು.

ಆಮೇಲೆ ಮೊಬೈಲಿನಲ್ಲಿ ಹುಡುಕಿದಾಗ ಗೊತ್ತಾಯಿತು, ಈ ಹುಚ್ಚು ಹಿಡಿದವರು ಲೋಕದಲ್ಲಿ ಸಾವಿರಾರು ಮಂದಿ ಇದ್ದಾರೆ. ಬಿಳಿ ಗಡ್ಡದ ಗಂಡಸರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಬೆರಳುದ್ದದ ಸೀಸದ ಸೈನಿಕನ ಅಂಗಿಯ ಗುಂಡಿಗೆ ಬಣ್ಣ ಹಚ್ಚುತ್ತಾರೆ. ಇಂಥ ದಂಡಿನ ಅಂಗಿಯ ಕೈ ಹಳದಿಯೋ ನೀಲಿಯೋ ಎಂದು ತಿಂಗಳುಗಟ್ಟಲೆ ಜಗಳಾಡುತ್ತಾರೆ. ಮೊದಲು ನನಗೆ ನಗು ಬಂತು. ನಮ್ಮ ಕುಂಬಳೆಯ ಕಡೆಯ ಕೆಂಪು ಕಲ್ಲಿನ ಕೋಟೆಯಲ್ಲಿ ಕಾವಲು ನಿಂತವನು ಎಂತ ಉಟ್ಟಿದ್ದ ಎಂದು ನನ್ನನ್ನು ಯಾರಾದರೂ ಕೇಳಿದರೆ ನನಗೆ ಗೊತ್ತಿಲ್ಲ. ಕೇಳಿದವರೂ ಇಲ್ಲ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗಲೆಲ್ಲ ನಾನು ಬುರುಜಿನ ಬುಡದ ಚಿಪ್ಸಿನ ತೊಟ್ಟೆ ಹೆಕ್ಕಿದ್ದೇ ಹೆಚ್ಚು. ಆ ಗಡ್ಡದವರ ಮೇಲೆ ಆಮೇಲೆ ಬಂದದ್ದು ನಗುವಲ್ಲ, ಹೊಟ್ಟೆಕಿಚ್ಚು.

ಅವರನ್ನು ಹಿಡಿದದ್ದೇ ನನ್ನನ್ನೂ ಹಿಡಿಯಿತು. ಆ ಕಾಲದ ಯುದ್ಧ ಒಂದು ವಿಚಿತ್ರ ಹದದಲ್ಲಿತ್ತು. ಮದ್ದುಗುಂಡು ಬಂದಿತ್ತು, ಆದರೆ ಮನುಷ್ಯ ಇನ್ನೂ ಕಾಲ್ನಡೆಯಲ್ಲೇ ಹೋಗಬೇಕಿತ್ತು. ಕೆಸರು, ಮಳೆ, ಹಳಸಿದ ರೊಟ್ಟಿ, ಸಂಬಳ ಸಿಗದೆ ದಂಗೆಯೆದ್ದ ಸೈನಿಕ, ಎಲ್ಲವೂ ಲೆಕ್ಕಕ್ಕೆ ಬರುತ್ತಿದ್ದವು. ಹೊರಗಿನವನು ಓರೆಕೋರೆಯಾಗಿ ಅಗಳು ತೋಡುತ್ತಾ ಗೋಡೆಯ ಬುಡಕ್ಕೆ ಬರುತ್ತಾನೆ, ಒಳಗಿನವನು ಕಾಯುತ್ತಾನೆ. ಎಲ್ಲಕ್ಕಿಂತ ಹೆಚ್ಚಾಗಿ, ಮುಗಿಯುವುದಕ್ಕೂ ಅಲ್ಲಿ ಒಂದು ಕ್ರಮ ಇತ್ತು. ನನ್ನ ಬದುಕಿನಲ್ಲಿ ಮುಗಿದದ್ದು ಯಾವುದೂ ಕ್ರಮದಲ್ಲಿ ಮುಗಿದದ್ದಲ್ಲ. ಅದಕ್ಕೇ ಇರಬೇಕು, ಆ ಪುಸ್ತಕದ ಶರಣಾಗತಿಯ ಅಧ್ಯಾಯ ನನಗೆ ಬಾಯಿಪಾಠವಾಯಿತು.

ಅದು ಹೀಗೆ. ಹೊರಗಿನವನು ಡೋಲು ಬಾರಿಸಿ ಕರೆ ಕಳಿಸುತ್ತಾನೆ. ಗೋಡೆ ಒಡೆಯುವ ಮೊದಲೇ ಒಳಗಿನವನು ಒಪ್ಪಿದರೆ ಅವನಿಗೆ ಮಾನದಿಂದ ಹೊರಡುವ ಹಕ್ಕು. ಬಾವುಟ ಬಿಚ್ಚಿ, ಡೋಲು ಬಾರಿಸುತ್ತಾ, ಕೋವಿಯ ಬತ್ತಿ ಹೊತ್ತಿಸಿಕೊಂಡು, ಬಾಯಲ್ಲಿ ಸೀಸದ ಗುಂಡು ಇಟ್ಟುಕೊಂಡು ಹೊರಡಬಹುದು. ಆಗಿನ ಕೋವಿಯವರು ಕೈ ಖಾಲಿ ಇರಲೆಂದು ಗುಂಡನ್ನು ಬಾಯಲ್ಲಿಟ್ಟುಕೊಂಡೇ ಕಾದುತ್ತಿದ್ದರು. ಹಾಗೆ ಹೊರಟರೆ, ನಾನು ಕೋಟೆ ಬಿಟ್ಟಿದ್ದೇನೆ, ಕಾದುವುದನ್ನು ಬಿಟ್ಟಿಲ್ಲ ಎಂದು ಅರ್ಥ. ಗೆದ್ದವರು ಎರಡೂ ಬದಿಯಲ್ಲಿ ಸಾಲು ನಿಂತು ದಾರಿ ಬಿಡಬೇಕು. ತಡಮಾಡಿದರೆ ಮೊದಲು ಡೋಲು ಹೋಗುತ್ತದೆ, ಆಮೇಲೆ ಬಾವುಟ, ಆಮೇಲೆ ಜೀವವೊಂದೇ. ಗೋಡೆ ಒಡೆದ ಮೇಲೆ ಯಾವ ಒಪ್ಪಂದವೂ ಇಲ್ಲ; ಊರನ್ನು ಕೊಳ್ಳೆ ಹೊಡೆಯಬಹುದು. ಆ ಊರಿನ ಜನರಿಗೆಂದು ಪೆಟ್ಟಿಗೆಯಲ್ಲಿ ರಟ್ಟಿನ ಚೂರೂ ಇರಲಿಲ್ಲ. ಅಷ್ಟು ಚಂದದ ನಿಯಮ ಬರೆದವರಿಗೆ ಅವರ ನೆನಪು ಬರಲಿಲ್ಲ.

ಮಾಷ್ಟ್ರು ಮೇಜಿನ ಮೇಲೆ ಬೆರಳಿನಿಂದ ಡೋಲು ಬಾರಿಸುತ್ತಿದ್ದರು. ಕರೆ ಬಂದಿದೆ ಟೀಚರೆ, ಯೋಚನೆ ಮಾಡಿ ಎನ್ನುತ್ತಿದ್ದರು. ನಾನು ಒಂದು ಸಲವೂ ಒಪ್ಪಿದವಳಲ್ಲ. ಕೊನೆಯ ಮಂಜೊಟ್ಟಿಯವರೆಗೂ ಕೂತಿರುತ್ತಿದ್ದೆ. ಹೆಚ್ಚಿನ ಸಲ ಗೋಡೆ ಒಡೆದು ಸರ್ವನಾಶವಾಗುತ್ತಿತ್ತು, ಅಪರೂಪಕ್ಕೆ ಮಳೆಯೋ ಜ್ವರವೋ ಬಂದು ಅವರೇ ಗಂಟುಮೂಟೆ ಕಟ್ಟುತ್ತಿದ್ದರು. ನಿಮ್ಮಂಥ ಹಟದವರನ್ನು ಕೋಟೆಗೆ ಇಟ್ಟ ರಾಜನನ್ನು ಮೊದಲು ಹೊಡೆಯಬೇಕು ಮಾರಾಯ್ರೆ ಎಂದು ತಮಾಷೆ ಮಾಡುತ್ತಿದ್ದರು. ಅವರು ಒಳ್ಳೆಯ ಆಟಗಾರ. ಸೋಲುವುದು ಖಂಡಿತ ಎಂದು ಕಂಡ ಕೂಡಲೇ ನಷ್ಟ ಕಡಿಮೆ ಮಾಡಿಕೊಂಡು ಹಿಂದೆ ಸರಿಯುತ್ತಿದ್ದರು. ಆ ಬುದ್ಧಿಯನ್ನು ನಾನು ಮೆಚ್ಚುತ್ತಿದ್ದೆ ಕೂಡ.

ನಮ್ಮ ಶಾಲೆಯಲ್ಲಿ ಕನ್ನಡ, ಮಲಯಾಳ ಎರಡೂ ಮೀಡಿಯಮ್ಮು ಉಂಟು. ಜೂನಿನಲ್ಲಿ ಬಾಗಿಲು ತೆರೆದು ಆರನೆಯ ವರ್ಕಿಂಗ್ ಡೇಯಂದು ಮಕ್ಕಳ ತಲೆ ಎಣಿಸುತ್ತಾರೆ. ಸಾಕಷ್ಟು ಇಲ್ಲದಿದ್ದರೆ ಆ ಕ್ಲಾಸು ಬೀಳುತ್ತದೆ, ಕಲಿಸುವವರ ಹುದ್ದೆಯೂ ಬೀಳುತ್ತದೆ. ಹಾಗಾಗಿ ಮೇ ತಿಂಗಳಿಡೀ ನಾನು ಕೊಡೆ ಹಿಡಿದು ಮನೆಮನೆ ಹತ್ತಿಳಿಯುತ್ತಿದ್ದೆ. ಬಾಳೆಹಣ್ಣಿನ ಜ್ಯೂಸು ಕುಡಿದು ಕುಡಿದು ಹೊಟ್ಟೆ ಕೆಡುತ್ತಿತ್ತು. ಒಮ್ಮೆ ಮಾಷ್ಟ್ರಿಗೆ ನಾನು ಓದಿದ್ದನ್ನು ಹೇಳಿದ್ದೆ: ಆ ಕಾಲದ ದಳವಾಯಿಗಳು ಹಾಜರಿಯ ದಿನ ಕುದುರೆ ಕಾಯುವವನಿಗೂ ಅಡಿಗೆಯವನಿಗೂ ಸೈನಿಕನ ಅಂಗಿ ಹಾಕಿಸಿ ಸಾಲಿನಲ್ಲಿ ನಿಲ್ಲಿಸುತ್ತಿದ್ದರಂತೆ, ಸಿಕ್ಕಿಬಿದ್ದರೆ ಮೂಗು ಕೊಯ್ಯುತ್ತಿದ್ದರಂತೆ. ಈಗ ತಲೆ ಎಣಿಸಲಿಕ್ಕೆ ಆಧಾರ್ ಉಂಟಲ್ಲ, ಮೂಗಿಗೆ ಭಯವಿಲ್ಲ ಎಂದು ಅವರು ನಕ್ಕರು.

ಕಳೆದ ವರ್ಷ ಕನ್ನಡದ ಐದನೆಯ ಕ್ಲಾಸು ನೂಲಿನ ಮೇಲೆ ನಿಂತಿತ್ತು. ನಾಲ್ಕರಿಂದ ಮೇಲೆ ಬರುವ ಎಲ್ಲರೂ ಬಂದರೆ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಅವರಲ್ಲಿ ಮಾಷ್ಟ್ರ ಮಗಳೂ ಒಬ್ಬಳು. ಅವಳ ಬಗ್ಗೆ ನಾನು ಯೋಚಿಸಲೇ ಇಲ್ಲ. ಸ್ವಂತ ಮನೆಯ ಬಾಗಿಲಿಗೆ ಕೊಡೆ ಹಿಡಿದು ಹೋಗಿ ಪಾಠ ಹೇಳುವವರುಂಟೇ?

ಪ್ರವೇಶೋತ್ಸವದ ದಿನ ಬಲೂನು ಕಟ್ಟಿದ ಗೇಟಿನಲ್ಲಿ ನಿಂತು ಕಾದೆ. ಉಪ್ಪಳದ ಕಡೆಯಿಂದ ಒಂದು ರಿಕ್ಷಾ ತುಂಬ ಮಕ್ಕಳು ಬರಬೇಕಿತ್ತು, ಮಾಷ್ಟ್ರ ಮಗಳು ಯಾವಾಗಲೂ ಡ್ರೈವರನ ಪಕ್ಕ. ರಿಕ್ಷಾ ಬರಲಿಲ್ಲ. ಡ್ರೈವರನಿಗೆ ಫೋನು ಮಾಡಿದರೆ ಅವನು ಹೈವೇ ಬದಿಯ ಇಂಗ್ಲಿಷ್ ಮೀಡಿಯಮ್ ಶಾಲೆಯ ಗೇಟಿನಲ್ಲಿದ್ದ. ಮಾಷ್ಟ್ರು ಮಗಳನ್ನು ಅಲ್ಲಿಗೆ ಸೇರಿಸಿದ್ದರು. ಅದು ಗೊತ್ತಾದ ಕೂಡಲೇ ಉಳಿದ ಮನೆಯವರೂ ಸೇರಿಸಿದ್ದರು. ಒಬ್ಬಳು ತಾಯಿ ನನಗೆ ನೇರವಾಗಿಯೇ ಹೇಳಿದಳು, ಶಾಲೆಯ ಮಾಷ್ಟ್ರೇ ತೆಗೆದ ಮೇಲೆ ನಾವು ಎಂತಕ್ಕೆ ಇಡುವುದು ಎಂದು.

ಮಧ್ಯಾಹ್ನ ಎಲ್ಲರೂ ಪಾಯಸಕ್ಕೆ ಹೋದಾಗ ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಉಳಿದೆವು. ಅದೇ ಮೇಜು. ಅವರಾಗಿಯೇ ಮಾತು ತೆಗೆದರು. ಕನ್ನಡ ಹೈಸ್ಕೂಲು ದೂರ, ಆಮೇಲೆ ಎಂಟ್ರೆನ್ಸು, ಆಮೇಲೆ ಪಿ.ಎಸ್.ಸಿ., ಎಲ್ಲ ಕಡೆ ಅವಳು ಹಿಂದೆ ಬೀಳುತ್ತಾಳೆ ಎಂದು ಲೆಕ್ಕ ಕೊಟ್ಟರು. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಅದೇ ನನಗೆ ಹೆಚ್ಚು ಸಿಟ್ಟು ಬರಿಸಿತು.

“ನಾವಿಬ್ಬರೂ ಇಲ್ಲೇ ಕಲಿತವರಲ್ಲವಾ ಮಾಷ್ಟ್ರೆ?” ಎಂದೆ.

“ಹೌದು. ಅದಕ್ಕೇ ಇಲ್ಲೇ ಉಳಿದದ್ದು,” ಎಂದರು. ಮತ್ತೆ, “ಗೋಡೆ ಬೀಳುವ ಮೊದಲು ಹೊರಟರೆ ಬಾವುಟ ಸಿಗ್ತದೆ. ನಿಮಗೆ ಹೇಳಬೇಕಾ?” ಎಂದರು.

“ಅದು ಆಟ.”

“ಆಟವೇ. ನಿಮಗೆ ಮಕ್ಕಳಿಲ್ಲ ಟೀಚರೆ, ಸೋಲಲಿಕ್ಕೆ ಮಂಜೊಟ್ಟಿ ಉಂಟು. ನನಗೆ ಇರುವುದು ಒಬ್ಬಳು.”

ಅವರು ಅದನ್ನು ಚುಚ್ಚಲಿಕ್ಕೆ ಹೇಳಿದ್ದಲ್ಲ, ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆದರೂ ಆ ಮಾತು ನನಗೆ ಇವತ್ತಿಗೂ ಉರಿಯುತ್ತದೆ. ಮದುವೆಯಾಗದೆ ಅಮ್ಮನ ಜೊತೆ ಇರುವವಳಿಗೆ ಊರಿನ ಹೆಂಗಸರು ಇಂಥದ್ದನ್ನು ಎಷ್ಟೋ ಸಲ ಹೇಳಿದ್ದಾರೆ, ನಾನು ಕಿವಿಗೆ ಹಾಕಿಕೊಂಡದ್ದಿಲ್ಲ. ಇವರ ಬಾಯಿಂದ ಬರಬಾರದಿತ್ತು. ಅವರ ಹುದ್ದೆಗೆ ಭಯವಿರಲಿಲ್ಲ. ಮಲಯಾಳದ ಮಕ್ಕಳು ಬೇಕಾದಷ್ಟು ಇದ್ದರು, ಅರಬಿ ಎಲ್ಲರಿಗೂ ಒಂದೇ. ಅದನ್ನು ಬಾಯಿಬಿಟ್ಟು ಹೇಳುವಷ್ಟು ಕೆಟ್ಟವಳಾಗಲಿಲ್ಲ, ಆದರೆ ಮನಸ್ಸಿನಲ್ಲಿ ನೂರು ಸಲ ಹೇಳಿಕೊಂಡೆ. ಮೇಜಿನ ಮೇಲೆ ಅವರು ಹೊರಗಿನವರಾಗಿರಲಿ. ಶಾಲೆಯ ವಿಷಯದಲ್ಲಿ ನಾವಿಬ್ಬರೂ ಒಳಗಿನವರು ಎಂದು ನಂಬಿದ್ದೆ.

ಆರನೆಯ ದಿನ ತಲೆ ಎಣಿಸಿದರು. ಕ್ಲಾಸು ಬಿತ್ತು. ಉಳಿದಿದ್ದ ಬೆರಳೆಣಿಕೆಯ ಮಕ್ಕಳನ್ನು ಅವರ ಮನೆಯವರು ಕಂಡ ಕಂಡ ಕಡೆ ಸೇರಿಸಿದರು, ಕೆಲವರು ನಮ್ಮದೇ ಮಲಯಾಳ ಕ್ಲಾಸಿಗೆ ಬಂದು ಕೂತರು. ಹಿಂದಿನ ವರ್ಷ ಎಲ್ಲದಕ್ಕೂ ಮೊದಲು ಕೈ ಎತ್ತುತ್ತಿದ್ದ ಒಬ್ಬಳು ಅಲ್ಲಿ ಕೊನೆಯ ಬೆಂಚಿನಲ್ಲಿ ಬಾಯಿಮುಚ್ಚಿ ಕೂತದ್ದನ್ನು ವರಾಂಡದಿಂದ ನೋಡಿದೆ. ಪೆಟ್ಟಿಗೆಯಲ್ಲಿ ರಟ್ಟಿನ ಚೂರು ಇಲ್ಲದ ಊರಿನವರು ಇವರೇ.

ನನ್ನ ಹುದ್ದೆ ಹೋಯಿತು, ಕೆಲಸ ಹೋಗಲಿಲ್ಲ. ಹಳಬಳಾದ್ದರಿಂದ ಸರಕಾರದ ರಕ್ಷಣೆ ಉಂಟು. ಬೆಳ್ಳೂರಿನ ಕಡೆಯ ಒಂದು ಶಾಲೆಗೆ ಹೋಗಬೇಕೆಂದು ಆದೇಶ ಬಂತು. ನಮ್ಮಲ್ಲಿಂದ ಬಸ್ಸು ಬದಲಿಸುತ್ತಾ ಹೋಗಬೇಕಾದ ದಾರಿ. ನಿಮಗೆ ಎಂತ ನಷ್ಟ, ಸಂಬಳ ಬರುತ್ತದಲ್ಲ ಎಂದರು ನೋಡಿದವರೆಲ್ಲ. ಸಂಬಳದ ಮಾತು ನಾನು ಎತ್ತಿದ್ದರಲ್ಲವೇ ಅದಕ್ಕೆ ಉತ್ತರ.

ಮುತ್ತಿಗೆ ಆಗಿತ್ತು ಎಂದೇ ಯಾರಿಗೂ ಗೊತ್ತಾಗಲಿಲ್ಲ, ಕಹಿ ಅಲ್ಲಿದೆ. ಕಾದವಳು ಸೋತಳು, ಸರಿ. ಆದರೆ ಗೆದ್ದವರು ಎಂದು ಯಾರೂ ಇರಲಿಲ್ಲ. ಎರಡು ಬದಿಯಲ್ಲಿ ಸಾಲು ನಿಂತು ದಾರಿ ಬಿಡಲಿಕ್ಕಾದರೂ ಒಬ್ಬ ಶತ್ರು ಬೇಕಲ್ಲ. ಕೊನೆಯ ದಿನ ಹೆಡ್‌ಮಿಸ್ಟ್ರೆಸ್ಸು ಕಪಾಟಿನ ಬೀಗದ ಕೈ ಕೇಳಿ ತೆಗೆದುಕೊಂಡರು. ಇದು ರಿಟೈರ್‌ಮೆಂಟ್ ಅಲ್ಲವಲ್ಲ, ಹಾಗಾಗಿ ಬೀಳ್ಕೊಡುಗೆ ಇಟ್ಟುಕೊಳ್ಳಲಿಲ್ಲ ಎಂದರು. ಚಹಾಕ್ಕೆ ಬಾಳೆಹಣ್ಣು ಕರಿದ ಪಳಂಪುರಿ ತರಿಸಿದ್ದರು. ಅದು ತಣ್ಣಗಾಗಿತ್ತು.

ಅರಬಿ ಮಾಷ್ಟ್ರು ಆ ಹೊತ್ತಿಗೆ ಅಲ್ಲಿರಲಿಲ್ಲ. ಮೇಜಿನ ಡ್ರಾಯರಿನಲ್ಲಿ ನನ್ನ ಸಾಮಾನು ತೆಗೆಯುವಾಗ ಮೂಲೆಯಲ್ಲಿ ಒಂದು ಮಂಜೊಟ್ಟಿ ಉರುಳಿ ಬಂತು. ಯಾವುದೋ ಶನಿವಾರ ತಪ್ಪಿಸಿಕೊಂಡವನು. ಒರೆಸಿ ಬಾಯಲ್ಲಿಟ್ಟುಕೊಂಡೆ. ಹುಚ್ಚು ಎಂದು ನನಗೂ ಗೊತ್ತಿತ್ತು. ಬಾವುಟ ಇಲ್ಲ, ಡೋಲು ಇಲ್ಲ, ಇದಾದರೂ ಇರಲಿ ಎನಿಸಿತು.

ಗೇಟಿನಲ್ಲಿ ಅವರು ನಿಂತಿದ್ದರು, ಕೈಯಲ್ಲಿ ಆಟದ ಪೆಟ್ಟಿಗೆ. ಅದನ್ನು ನೀವೇ ಇಟ್ಟುಕೊಳ್ಳಿ ಎಂದರು. ನಾನು ಕೈ ಚಾಚಲಿಲ್ಲ. ಮಳೆ ಹನಿಯುತ್ತಿತ್ತು, ಪೆಟ್ಟಿಗೆ ನೆನೆಯಬಾರದೆಂದು ಅವರು ಅದನ್ನು ಅಂಗಿಯ ಒಳಗೆ ಒತ್ತಿ ಹಿಡಿದುಕೊಂಡರು. ನಾನು ಹತ್ತಿರ ಬಂದಾಗ ಒಂದು ಬದಿಗೆ ಸರಿದು, ನೆಟ್ಟಗೆ ನಿಂತು, ದಾರಿ ಬಿಟ್ಟರು. ನಿಯಮ ಅವರಿಗೂ ಬಾಯಿಪಾಠ.

“ಟೀಚರೆ, ಬೈದಾದರೂ ಹೋಗಿ,” ಎಂದರು. “ಒಂದು ಮಾತು ಹೇಳಿ.”

ನನಗೆ ಹೇಳಬೇಕೆಂದಿತ್ತು. ಬೈಯಬೇಕೆಂದೂ ಇತ್ತು, ಮಗಳು ಚೆನ್ನಾಗಿ ಓದಲಿ ಎನ್ನಬೇಕೆಂದೂ ಇತ್ತು. ಬಾಯಲ್ಲಿ ಗುಂಡು ಇತ್ತು.